ಐದೂಮುಕ್ಕಾಲರ ವ್ಯಾನು

ರೆಸ್ಮಿಯೆ ಮೊದಲ ದಿನ ಖಾಲಿ ವ್ಯಾನು ಓಡಿಸಿಕೊಂಡು ಕೆಳಗಿನ ನಗರ ಎಲ್ಬಸಾನಿಗೆ ಹೊರಟಾಗ ನಕ್ಕವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ಕೇಳಿ, ಜುಹ್ರಾ ತನ್ನ ವಿಷಯ ಮಾತ್ರ ಮುಚ್ಚಿಟ್ಟಳು ಅನ್ನುವುದು ಬೇಡ.

ನಮ್ಮ ಬೆಟ್ಟದ ಊರು ಲಿಸಾನಿನ ವ್ಯಾನ್ ಸ್ಟ್ಯಾಂಡಿನ ಮೂಲೆಯಲ್ಲಿ ನನ್ನದೊಂದು ಬುರೆಕ್ ಅಂಗಡಿ. ಬೆಳಗಿನ ನಾಲ್ಕೂವರೆಗೆ ಒಲೆ ಹಚ್ಚುತ್ತೇನೆ. ಐದಕ್ಕೆಲ್ಲ ಮೊದಲ ತಟ್ಟೆ ಹೊರಗೆ ಬರುತ್ತದೆ. ತೆಳ್ಳನೆಯ ಹಿಟ್ಟಿನ ಪದರಗಳ ನಡುವೆ ಹೂರಣ: ಸೊಪ್ಪಿನದು, ಚೀಸಿನದು, ಈರುಳ್ಳಿಯದು. ಗಿರಾಕಿಗಳೆಂದರೆ ಸ್ಟ್ಯಾಂಡಿನ ಐದು ವ್ಯಾನುಗಳ ಡ್ರೈವರುಗಳು, ಮತ್ತು ಆ ವ್ಯಾನುಗಳು ತುಂಬಲಿ ಎಂದು ಕಾದು ಕೂತ ಜನ. ನಮ್ಮಲ್ಲಿ ವ್ಯಾನು ಹೊರಡುವುದಕ್ಕೆ ಹೊತ್ತು ಅಂತ ಇರಲಿಲ್ಲ. ಸೀಟು ತುಂಬಬೇಕು, ತುಂಬಿದ ಮೇಲೆ ನಡುವೆ ಎರಡು ಸ್ಟೂಲು ಬೀಳಬೇಕು, ಆಮೇಲೆ ಡ್ರೈವರ್ ಕೊನೆಯ ಸಿಗರೇಟು ಮುಗಿಸಬೇಕು. ಅಷ್ಟರಲ್ಲಿ ಜನಕ್ಕೆ ಹಸಿವಾಗುತ್ತದೆ, ನನ್ನ ತಟ್ಟೆ ಖಾಲಿಯಾಗುತ್ತದೆ. ಅವರು ತಡ ಮಾಡಿದಷ್ಟೂ ನನಗೆ ಲಾಭ. ಇಪ್ಪತ್ತು ವರ್ಷ ನಾನು ಬದುಕಿದ್ದು ಆ ತಡದ ಮೇಲೆಯೇ.

ಸ್ಟ್ಯಾಂಡಿಗೆ ಯಜಮಾನ ವೆಹಿಪ್. ಅವನನ್ನು ಯಾರೂ ನೇಮಿಸಿರಲಿಲ್ಲ. ಅವನ ದನಿ ದೊಡ್ಡದು, ವ್ಯಾನು ಎರಡು, ತಮ್ಮಂದಿರು ಮೂವರು, ಅಷ್ಟು ಸಾಕಾಗಿತ್ತು. ಯಾವ ವ್ಯಾನು ಮೊದಲು, ಯಾವುದು ಆಮೇಲೆ, ಯಾರು ಮುಂದಿನ ಸೀಟಲ್ಲಿ ಕೂರಬೇಕು, ಎಲ್ಲ ಅವನದೇ ಮಾತು. "ಈಗ ಹೊರಡುತ್ತೆ, ಇನ್ನೊಂದೇ ಸೀಟು!" ಎಂದು ಅವನು ಕೂಗಿದರೆ ಇನ್ನೂ ಆರು ಸೀಟು ಖಾಲಿ ಇವೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ರೆಸ್ಮಿಯೆ, ಅವಳ ಗಂಡ ಇಸ್ಮೆತ್, ಇಬ್ಬರೂ ಹದಿನಾರು ವರ್ಷ ಗ್ರೀಸಿನಲ್ಲಿದ್ದವರು. ಅಲ್ಲಿ ಕೆಲಸಗಳೆಲ್ಲ ಮುಳುಗಿಹೋದಾಗ ಬಂದವರು. ಇಸ್ಮೆತ್ ಗಾರೆ ಕೆಲಸದವನು. ರೆಸ್ಮಿಯೆ ಲಾರಿಸಾ ಊರಿನ ಒಂದು ಲಾಂಡ್ರಿಯಲ್ಲಿ ವ್ಯಾನು ಓಡಿಸುತ್ತಿದ್ದಳು. ಹೋಟೆಲುಗಳ ಹಾಸಿಗೆ ಬಟ್ಟೆ ಒಯ್ಯುವುದು, ತರುವುದು. ಆರು ಗಂಟೆ ಅಂದರೆ ಆರು ಗಂಟೆ. ಕೂಡಿಟ್ಟಿದ್ದರಲ್ಲಿ ಹದಿನೈದು ಸೀಟಿನ ಹಳೆಯ ಬಿಳಿ ವ್ಯಾನೊಂದನ್ನು ಕೊಂಡುಕೊಂಡು ಬಂದರು. ಇಸ್ಮೆತ್ ಸ್ಟ್ಯಾಂಡಿನಲ್ಲಿ ಆರನೆಯ ಡ್ರೈವರಾದ. ನಾಲ್ಕು ತಿಂಗಳು ಓಡಿಸಿದ ಮೇಲೆ ಅವನ ಬೆನ್ನು ಕೈಕೊಟ್ಟಿತು. ಗಾರೆ ಹೊತ್ತ ಬೆನ್ನು, ಒಂದು ಬೆಳಿಗ್ಗೆ ಸೀಟಿನಿಂದ ಏಳಲೇ ಇಲ್ಲ. ಇಬ್ಬರು ಹಿಡಿದು ಇಳಿಸಿದರು. ಎಲ್ಬಸಾನಿನ ಡಾಕ್ಟರು, ಮಲಗು, ನಿಲ್ಲು, ಕೂರಬೇಡ ಅಂದರು.

ವ್ಯಾನು ಮಾರಿಬಿಡಿ ಎಂದು ಊರೆಲ್ಲ ಹೇಳಿತು. ಕೊಳ್ಳುವವನೂ ಸಿದ್ಧನಿದ್ದ, ಅವನು ವೆಹಿಪ್. ಅರ್ಧ ಬೆಲೆಗೆ ಕೇಳಿದ, ಅದೂ ಉಪಕಾರ ಮಾಡುವವನ ಹಾಗೆ ಅವರ ಮನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು. ರೆಸ್ಮಿಯೆ ಕಾಫಿ ಕೊಟ್ಟಳು, ಅವನು ಕುಡಿದು ಮುಗಿಸಿದ ಮೇಲೆ ಕಪ್ಪು ಎತ್ತಿಕೊಂಡು, "ನಾನೇ ಓಡಿಸ್ತೀನಿ" ಅಂದಳಂತೆ.

"ನೀನಾ? ನಮ್ಮ ಸ್ಟ್ಯಾಂಡಲ್ಲಾ?"

"ನಿಮ್ಮ ಸ್ಟ್ಯಾಂಡು ಅಂತ ಎಲ್ಲಿ ಬರ್ದಿದೆ ತೋರ್ಸು, ಹೋಗಿ ಓದ್ಕೊಂಡು ಬರ್ತೀನಿ."

ಆಗ ಅವಳಿಗೆ ನಲವತ್ತೇಳು. ಗಿಡ್ಡ ಹೆಂಗಸು, ಅಗಲ ಭುಜ, ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟುತ್ತಿದ್ದಳು. ನಗುವುದನ್ನು ನಾನು ಹೆಚ್ಚು ಕಂಡವಳಲ್ಲ. ಜನ ಸಾಗಿಸುವ ಲೈಸೆನ್ಸಿಗೆ ಎಲ್ಬಸಾನಿಗೆ ಹೋಗಿ ಪರೀಕ್ಷೆ ಕೊಟ್ಟಳು. ಒಮ್ಮೆ ಫೇಲಾದಳು, ಮತ್ತೆ ಕೊಟ್ಟಳು. ಸೆಪ್ಟೆಂಬರಿನ ಒಂದು ಸೋಮವಾರ ವ್ಯಾನಿನ ಮುಂದಿನ ಗಾಜಿಗೆ ಒಂದು ಕಾಗದ ಅಂಟಿಸಿಕೊಂಡು ಬಂದು ನಿಲ್ಲಿಸಿದಳು. ದಪ್ಪ ಅಕ್ಷರದಲ್ಲಿ ಬರೆದಿತ್ತು: ಲಿಸಾನಿನಿಂದ ಐದೂಮುಕ್ಕಾಲು, ಮಧ್ಯಾಹ್ನ ಒಂದು. ಎಲ್ಬಸಾನಿನಿಂದ ಎಂಟು, ಸಂಜೆ ನಾಲ್ಕೂವರೆ. ಕೆಳಗೆ ಇನ್ನೊಂದು ಸಾಲು: ಯಾರಿಗೂ ಕಾಯುವುದಿಲ್ಲ.

ಐದೂಮುಕ್ಕಾಲಾಯಿತು. ವ್ಯಾನಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಬಾಗಿಲು ಎಳೆದುಕೊಂಡು ಹೊರಟೇಬಿಟ್ಟಳು.

"ಗಾಳಿ ತುಂಬ್ಕೊಂಡು ಹೋದ್ಳು ಕಣ್ರೋ!" ಎಂದ ವೆಹಿಪ್. ಡ್ರೈವರುಗಳು ಹೊಟ್ಟೆ ಹಿಡಿದು ನಕ್ಕರು. ತಟ್ಟೆಯಲ್ಲಿ ಬುರೆಕ್ ಕೊಯ್ಯುತ್ತಿದ್ದ ನಾನೂ ನಕ್ಕೆ. "ಗಾಳಿಗೆ ಟಿಕೆಟ್ ಎಷ್ಟಂತೆ?" ಎಂದೆ. ಆ ಮಾತಿಗೆ ಇನ್ನೊಂದು ಸುತ್ತು ನಗು ಬಂತು, ನನಗೆ ಹೆಮ್ಮೆಯೂ ಆಯಿತು.

ಮರುದಿನವೂ ಗಾಳಿಯನ್ನೇ ತುಂಬಿಕೊಂಡು ಹೋದಳು. ಮೂರನೆಯ ದಿನವೂ ಹಾಗೆಯೇ. ಎರಡನೆಯ ವಾರದಲ್ಲಿ ಒಬ್ಬರೋ ಇಬ್ಬರೋ ಹತ್ತಲು ಶುರುಮಾಡಿದರು. ಅವರೂ ದಾರಿಗೆ ಬಂದವರಲ್ಲ. ಟಿಕೆಟ್ ಕೊಟ್ಟು ಸೀಟು ಹಿಡಿದು, "ಅಕ್ಕಾ, ಒಂದು ಕಾಫಿ ಕುಡಿದು ಬಂದೆ" ಎಂದು ಇಳಿದು ಹೋದರೆ ಬರುವ ಹೊತ್ತಿಗೆ ವ್ಯಾನು ಇರುತ್ತಿರಲಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ನಿಂತು ಅವಳ ಏಳು ತಲೆಮಾರನ್ನು ಬೈಯುತ್ತಿದ್ದರು. ಸಂಜೆ ಅವಳು ಬಂದಾಗ ದುಡ್ಡು ವಾಪಸು ಕೇಳಿದರೆ, ಕಿಟಕಿಯಿಂದ ಕೊಡುತ್ತಿದ್ದಳು, ಮುಖ ನೋಡದೆ.

"ಒಂದು ನಿಮಿಷ ನಿಂತಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಇವತ್ತು ನಿಂಗೊಂದು ನಿಮಿಷ, ನಾಳೆ ಇನ್ನೊಬ್ಬನಿಗೆ ಐದು. ಹದಿನೈದು ಜನ ಒಂದೊಂದು ನಿಮಿಷ ಕೇಳಿದ್ರೆ ನಾನೂ ವೆಹಿಪ್ಪೇ ಆಗ್ತೀನಿ. ಬೇಕಾದ್ರೆ ಬೇಗ ಬಾ, ಬೇಡದಿದ್ರೆ ಅವನ ವ್ಯಾನಲ್ಲಿ ಕೂತ್ಕೊಂಡು ಮುದುಕನಾಗು."

ನವೆಂಬರಿನಲ್ಲಿ ರೆಸ್ಮಿಯೆಯ ಅತ್ತೆ, ಇಸ್ಮೆತ್‌ನ ತಾಯಿ ಹಾವಾಳ ಸರದಿ ಬಂತು. ಕಣ್ಣಿನ ಡಾಕ್ಟರಿಗೆ ತೋರಿಸಲು ಮುದುಕಿ ಎಲ್ಬಸಾನಿಗೆ ಹೋಗಬೇಕಿತ್ತು. ಮನೆಯಿಂದ ಸೊಸೆಯ ಜೊತೆಯಲ್ಲೇ ಹೊರಟಳು. ಸ್ಟ್ಯಾಂಡಿಗೆ ಬಂದ ಮೇಲೆ ಡಾಕ್ಟರಿಗೆ ಬುರೆಕ್ ಒಯ್ಯಬೇಕು ಅನ್ನಿಸಿ ನನ್ನ ಅಂಗಡಿಗೆ ನುಗ್ಗಿದಳು. ಚೀಸಿನದು ಇನ್ನೂ ಒಲೆಯಲ್ಲಿತ್ತು. "ಬಿಸೀದು ಕೊಡೇ" ಎಂದು ನಿಂತಳು. ನಾನು ಕಟ್ಟಿ ಕೊಡುವ ಹೊತ್ತಿಗೆ ಹೊರಗೆ ಇಂಜಿನ್ ಸದ್ದು. ಹಾವಾ ಪೊಟ್ಟಣ ಹಿಡಿದುಕೊಂಡು ಓಡಿದಳು. ವ್ಯಾನು ತಿರುವಿನಲ್ಲಿ ಮರೆಯಾಗುತ್ತಿತ್ತು.

ಇದು ಬರೀ ನಗುವ ವಿಷಯವಾಗಿ ಉಳಿಯಲಿಲ್ಲ. ಹೆತ್ತ ತಾಯಿಯಂಥ ಅತ್ತೆಯನ್ನು ಬೀದಿಯಲ್ಲಿ ಬಿಟ್ಟುಹೋದವಳು ಎಂದು ಊರೇ ಕೋಪಗೊಂಡಿತು. ಇಸ್ಮೆತ್ ಮೂರು ದಿನ ಅವಳ ಜೊತೆ ಮಾತು ಬಿಟ್ಟ. ಮುದುಕಿ ಒಂದು ತಿಂಗಳು ಅವಳ ಕೈಯ ಕಾಫಿ ಮುಟ್ಟಲಿಲ್ಲ. ರೆಸ್ಮಿಯೆ ಮನೆಯಲ್ಲೂ ಬೈಸಿಕೊಂಡಳು, ಬೀದಿಯಲ್ಲೂ ಬೈಸಿಕೊಂಡಳು, ಮರುದಿನ ಐದೂಮುಕ್ಕಾಲಿಗೆ ಮತ್ತೆ ಹೊರಟಳು. ಆಮೇಲೆ ಆದದ್ದು ಮಾತ್ರ ಯಾರೂ ಎಣಿಸಿರಲಿಲ್ಲ. ಕಣ್ಣಿನ ಡಾಕ್ಟರಿಗೆ ಎರಡನೆಯ ಸಲ ಹೋಗುವ ದಿನ ಹಾವಾ ಐದೂಕಾಲಿಗೇ ಬಂದು ವ್ಯಾನಿನ ಮುಂದಿನ ಸೀಟಲ್ಲಿ ಕೂತಳು. ಅಷ್ಟೇ ಅಲ್ಲ, ಕಿಟಕಿ ಇಳಿಸಿಕೊಂಡು, ಸ್ಟ್ಯಾಂಡಿನಲ್ಲಿ ಆಕಳಿಸುತ್ತ ನಿಂತವರನ್ನೆಲ್ಲ, "ಏನ್ರೋ, ಕಾಲಿಗೆ ಬೇರು ಬಿಟ್ಟಿದ್ಯೇನ್ರೋ? ನಮ್ಮ ಸೊಸೆ ಯಾರಪ್ಪನಿಗೂ ಕಾಯೋಳಲ್ಲ!" ಎಂದು ಗದರಿಸಲು ಶುರುಮಾಡಿದಳು. ಅವಳು ನಿಜವಾಗಿ ರಾಜಿಯಾದಳೋ, ಅಥವಾ ತನಗಾದ ಅವಮಾನ ಎಲ್ಲರಿಗೂ ಆಗಲಿ ಅಂದುಕೊಂಡಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಜನ ಒಬ್ಬೊಬ್ಬರಾಗಿ ಬರುತ್ತಿದ್ದಾರೆ ಎಂದು ಕಂಡ ಮೇಲೆ ವೆಹಿಪ್‌ನ ನಗು ನಿಂತಿತು. ಅವಳಿಗಿಂತ ಐದು ನಿಮಿಷ ಮೊದಲು ತನ್ನ ತಮ್ಮನ ವ್ಯಾನು ಬಿಡಿಸಿದ, ಪುಕ್ಕಟೆ. ಮೂರು ವಾರ ಅವಳು ಮತ್ತೆ ಗಾಳಿ ತುಂಬಿಕೊಂಡು ಹೋದಳು. ಪುಕ್ಕಟೆ ಓಡಿಸಿ ತಮ್ಮನಿಗೇ ಸಾಕಾಗಿ ನಿಲ್ಲಿಸಿದ. ಆಮೇಲೆ ವೆಹಿಪ್ ಇನ್ನೊಂದು ಕಟ್ಟಳೆ ತಂದ: ಬೆಳಿಗ್ಗೆ ರೆಸ್ಮಿಯೆಯ ವ್ಯಾನಿನಲ್ಲಿ ಹೋದವರನ್ನು ಸಂಜೆ ತಮ್ಮವರು ಯಾರೂ ಹತ್ತಿಸಬಾರದು. ಅವಳ ವ್ಯಾನು ಕೆಟ್ಟರೆ, ಅವಳಿಗೆ ಜ್ವರ ಬಂದರೆ, ನೀವು ಎಲ್ಬಸಾನಿನಲ್ಲೇ ಮಲಗಿ. ಅದಕ್ಕೆ ಜನ ಹೆದರಿದರು.

ಅದಕ್ಕೂ ಮಿಗಿಲಾದದ್ದು ಜನವರಿಯಲ್ಲಿ ಆಯಿತು. ಒಂದು ಬೆಳಿಗ್ಗೆ ಅವಳು ಬಂದು ನಿಲ್ಲಿಸಿ, ಚಕ್ರ ನೋಡಲು ಇಳಿದಿದ್ದಳು. ಅಷ್ಟರಲ್ಲಿ ಮುಂದೊಂದು ವ್ಯಾನು, ಹಿಂದೊಂದು ವ್ಯಾನು ಬಂದು ಮೂತಿಗೆ ಮೂತಿ ಹಚ್ಚಿ ನಿಂತವು. ಬಲಕ್ಕೆ ಗೋಡೆ, ಎಡಕ್ಕೆ ಚರಂಡಿ. ಡ್ರೈವರುಗಳಿಬ್ಬರೂ ಬೀಗ ಹಾಕಿಕೊಂಡು ನನ್ನ ಅಂಗಡಿಗೆ ಬಂದು ಕೂತರು. ವೆಹಿಪ್ ಆಗಲೇ ಕೂತಿದ್ದ. "ಜುಹ್ರಾ, ಮೂರು ಕಾಫಿ, ನಿಧಾನವಾಗಿ ಮಾಡು" ಎಂದ.

ನಾನು ಮಾಡಿದೆ. ನಿಧಾನವಾಗಿಯೇ ಮಾಡಿದೆ.

ಐದೂಮುಕ್ಕಾಲಾಯಿತು. ರೆಸ್ಮಿಯೆ ಬಂದು ಕೇಳುತ್ತಾಳೆ, ಬೇಡಿಕೊಳ್ಳುತ್ತಾಳೆ ಎಂದು ಮೂವರೂ ಕಾದರು. ಅವಳು ಬರಲಿಲ್ಲ. ಸೀಟಲ್ಲಿ ಕೂತು ಹಾರ್ನಿನ ಮೇಲೆ ಅಂಗೈ ಊರಿದಳು. ಊರಿದವಳು ಎತ್ತಲಿಲ್ಲ. ಮೊದಲು ನಾಯಿಗಳು ಎದ್ದವು. ಆಮೇಲೆ ದೀಪಗಳು. ಕಿಟಕಿಗಳು ತೆರೆದವು, ಒಂದರ ಮೇಲೊಂದು ಬೈಗುಳ ಬಿದ್ದವು. ಹಾರ್ನು ನಿಲ್ಲಲಿಲ್ಲ. ನನ್ನ ಗಾಜಿನ ಲೋಟಗಳು ಹಲಗೆಯ ಮೇಲೆ ನಡುಗುತ್ತಿದ್ದವು. ಹದಿನೈದು ನಿಮಿಷವಾದ ಮೇಲೆ ವೆಹಿಪ್ ಕಾಫಿ ಕಪ್ಪು ಕುಕ್ಕಿ ಎದ್ದು ಹೋಗಿ ಅವಳ ಕಿಟಕಿಗೆ ಗುದ್ದಿದ.

"ಕೈ ತೆಗಿ!"

"ವ್ಯಾನ್ ತೆಗಿ!"

"ಮಕ್ಕಳು ಮರಿ ಮಲಗಿದಾವೆ, ನಾಚ್ಕೆ ಇಲ್ವಾ ನಿಂಗೆ?"

"ನಿನ್ನ ವ್ಯಾನ್ ತೆಗಿ, ಎಲ್ಲಾರೂ ಮಲಗ್ಲಿ!"

ಅವಳು ಕೈ ಬದಲಿಸಿದಳು, ಅಷ್ಟೆ. ನಲವತ್ತು ನಿಮಿಷ. ಕೊನೆಗೆ ಊರಿನ ಪೊಲೀಸಿನವನು ಪೈಜಾಮದ ಮೇಲೆ ಕೋಟು ಹಾಕಿಕೊಂಡು ಬಂದ. ಯಾರು ಸರಿ, ಯಾರು ತಪ್ಪು ಅಂತ ಅವನು ವಿಚಾರಿಸಲೇ ಇಲ್ಲ, ಎರಡೂ ಕಿವಿ ಮುಚ್ಚಿಕೊಂಡು, "ತೆಗೀರೋ, ತೆಗೀರೋ ಮಾರಾಯ್ರಾ!" ಎಂದು ಕೂಗಿಕೊಂಡ. ಮುಂದಿನ ವ್ಯಾನು ಸರಿಯಿತು. ಅವಳು ತಕ್ಷಣ ಹೊರಡಲಿಲ್ಲ. ಇನ್ನೊಂದು ಕಾಗದ ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆದು, ಗಾಜಿಗೆ ಅಂಟಿಸಿದಳು: ಇವತ್ತು ನಲವತ್ತು ನಿಮಿಷ ತಡ. ಕಾರಣ, ವೆಹಿಪ್.

ಆ ಕಾಗದವನ್ನು ಅವಳು ಇಡೀ ವಾರ ತೆಗೆಯಲಿಲ್ಲ. ಎಲ್ಬಸಾನಿನಲ್ಲೂ ಓದಿದರು.

ಅದೇ ದಿನ ಸಂಜೆ ಅವಳು ನನ್ನ ಅಂಗಡಿಗೆ ಬಂದಳು. ಹಾರ್ನಿನ ಮೇಲಿಟ್ಟ ಕೈ ಊದಿಕೊಂಡಿತ್ತು. ಕೂರಲಿಲ್ಲ.

"ಜುಹ್ರಾ, ನಿನ್ನ ಅಂಗಡಿ ಮುಂದಿನ ಜಾಗ ನಿಂದೇ ಅಲ್ವಾ? ಬೆಳಿಗ್ಗೆ ಅರ್ಧ ಗಂಟೆ ಅಲ್ಲಿ ನಿಲ್ಲಿಸ್ಕೊತೀನಿ. ಬಾಡಿಗೆ ಬೇಕಾದ್ರೆ ಹೇಳು."

ನಾನು ಹಿಟ್ಟು ಲಟ್ಟಿಸುತ್ತಿದ್ದೆ. ತಲೆ ಎತ್ತದೆ, "ಸ್ವಲ್ಪ ದಿನ ಹೋಗ್ಲಿ ಕಣೇ, ಈಗ ಎಲ್ಲಾ ಬಿಸಿಯಾಗಿದೆ" ಎಂದೆ.

"ಯಾರು ಬಿಸಿಯಾಗಿದಾರೆ? ನೀನಾ?"

"ಅವ್ರೆಲ್ಲ ನನ್ನ ಗಿರಾಕಿಗಳು. ನಾನೂ ಬದುಕಬೇಕಲ್ವಾ?"

"ಹೌದು. ಅವರು ತಡ ಮಾಡಿದ್ರೇ ನಿನ್ನ ಬುರೆಕ್ ಖರ್ಚಾಗೋದು. ಮರೆತಿದ್ದೆ." ಇಷ್ಟು ಹೇಳಿ ಹೋದಳು. ಬಾಗಿಲು ಹಾಕಿದ ರಭಸಕ್ಕೆ ಮೇಲಿನ ಗಂಟೆ ಕಳಚಿ ಬಿತ್ತು.

ನನಗೆ ಕೋಪ ಬಂತು. ಇವಳು ಯಾವ ದೊಡ್ಡ ಮನುಷ್ಯಳು ಎಂದು ಒಲೆಯ ಹತ್ತಿರ ಗೊಣಗಿಕೊಂಡೆ. ಆ ಕೋಪ ಯಾರ ಮೇಲೆ ಬರಬೇಕಿತ್ತೋ ಅಲ್ಲಿಗೆ ಹೋಗಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಅವಳು ಸ್ಟ್ಯಾಂಡಿನಿಂದ ಮುನ್ನೂರು ಹೆಜ್ಜೆ ಕೆಳಗೆ, ಮುಚ್ಚಿಹೋದ ಸಹಕಾರಿ ಸಂಘದ ತೂಕದ ಕಟ್ಟೆಯ ಹತ್ತಿರ ವ್ಯಾನು ನಿಲ್ಲಿಸತೊಡಗಿದಳು. ಕೆಸರು, ಮುರಿದ ಇಟ್ಟಿಗೆ, ಮೇಲೊಂದು ತಗಡೂ ಇಲ್ಲ. ಅಲ್ಲಿ ನಿಲ್ಲಿಸಲು ಪುರಸಭೆಯ ಪರವಾನಗಿ ಬೇಕೆಂದು ಯಾರೋ ದೂರು ಕೊಟ್ಟರು. ಯಾರೆಂದು ಹೇಳಬೇಕಾಗಿಲ್ಲ. ಅವಳು ಅರ್ಜಿ ಹಾಕಿದಳು. ಅಲ್ಲಿದ್ದ ಗುಮಾಸ್ತ ಫೆರಿದ್ ಎನ್ನುವವನು ಅರ್ಜಿ ತೆಗೆದುಕೊಂಡು ಒಂದು ಚೀಟಿ ಕೊಟ್ಟ: ಅರ್ಜಿ ಪರಿಶೀಲನೆಯಲ್ಲಿದೆ, ಅಲ್ಲಿಯ ತನಕ ಓಡಿಸಬಹುದು. ಆದರೆ ಚೀಟಿ ಏಳೇ ದಿನಕ್ಕೆ. ಏಳು ದಿನವಾದ ಮೇಲೆ ಗುರುವಾರ ಮತ್ತೆ ಬಂದು ಹೊಸ ಚೀಟಿ ತೆಗೆದುಕೊಳ್ಳಬೇಕು. ನಾಲ್ಕನೆಯ ಗುರುವಾರದ ಹೊತ್ತಿಗೆ ಅವಳು ಬಿಟ್ಟುಬಿಡುತ್ತಾಳೆ ಎಂದು ಅವನ ಲೆಕ್ಕಾಚಾರ.

ಅವಳು ಪ್ರತಿ ಗುರುವಾರ ಹತ್ತಕ್ಕೆ ಹೋಗಿ ಅವನ ಮೇಜಿನ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಒಂದು ವಾರ ಸಾಹೇಬರು ಇರುತ್ತಿರಲಿಲ್ಲ, ಒಂದು ವಾರ ಮೊಹರು ಇರುತ್ತಿರಲಿಲ್ಲ, ಒಂದು ವಾರ ಕರೆಂಟು. ಹನ್ನೆರಡೂಕಾಲಿಗೆ ಎದ್ದು ಬರುತ್ತಿದ್ದಳು, ಒಂದು ಗಂಟೆಯ ವ್ಯಾನು ಹೊರಡಬೇಕಲ್ಲ. ಆದರೆ ಚೀಟಿ ಇಲ್ಲದೆ ಎದ್ದು ಬಂದವಳಲ್ಲ.

"ನಿನ್ನ ಗಂಡನ್ನ ಕಳ್ಸಮ್ಮ, ಬೇಗ ಆಗುತ್ತೆ" ಎಂದನಂತೆ ಒಮ್ಮೆ ಫೆರಿದ್.

"ಅವನಿಗೆ ಕೂರೋಕಾಗಲ್ಲ. ನಿಮ್ಮ ಕಚೇರೀಲಿ ಕೂರೋದು ಬಿಟ್ಟು ಬೇರೆ ಕೆಲಸ ಇದ್ರೆ ಹೇಳಿ, ಕಳಿಸ್ತೀನಿ."

ಅವಳು ಕಿರುಚುತ್ತಿರಲಿಲ್ಲ. ಆ ಬೆಂಚಿನ ಮೇಲೆ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು. ಮನೆಗೆ ಹೋಗಿ ಸೌದೆ ಒಡೆಯುತ್ತಿದ್ದಳಂತೆ. ಆ ಚಳಿಗಾಲ ಅವರ ಮನೆಯಷ್ಟು ಸೌದೆ ಲಿಸಾನಿನ ಯಾವ ಮನೆಯಲ್ಲೂ ಇರಲಿಲ್ಲ ಎಂದು ಹಾವಾ ಹೇಳುತ್ತಿದ್ದಳು.

ಫೆಬ್ರವರಿಯಲ್ಲಿ ಗಾಳಿ ಬೇರೆ ಕಡೆಗೆ ತಿರುಗಿತು. ನಮ್ಮೂರಿನಿಂದ ಎಂಟು ಹೆಂಗಸರು ಎಲ್ಬಸಾನಿನ ಒಂದು ಶೂ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದರು. ಏಳಕ್ಕೆ ಗೇಟು ಮುಚ್ಚುತ್ತದೆ, ಏಳೂ ಐದಕ್ಕೆ ಬಂದವಳಿಗೆ ಅರ್ಧ ದಿನದ ಕೂಲಿ ಇಲ್ಲ. ಅವರಲ್ಲಿ ವ್ಯೋಲ್ಸಾ ಎನ್ನುವವಳು ವೆಹಿಪ್‌ಗೆ ದೂರದ ನೆಂಟಳು, ಅವನ ವ್ಯಾನಿನಲ್ಲೇ ಹೋಗುವವಳು. ಆ ತಿಂಗಳು ಅವಳಿಗೆ ಮೂರು ಸಲ ಕೂಲಿ ಕಡಿತವಾಗಿತ್ತು. ಅವತ್ತು ಹಿಮ ಬಿದ್ದಿತ್ತು. ವ್ಯಾನಿನಲ್ಲಿ ಹನ್ನೊಂದು ಜನ ಕೂತಿದ್ದರು. ಐದೂವರೆಯಾಯಿತು, ಇನ್ನೂ ಐದು ನಿಮಿಷವಾಯಿತು.

"ವೆಹಿಪಣ್ಣ, ಹೊರಡೋ. ಗೇಟ್ ಹಾಕ್ತಾರೆ."

"ಇನ್ನೊಂದೇ ಸೀಟಮ್ಮ."

"ನಾಲ್ಕು ಸೀಟು ಖಾಲಿ ಇದೆ! ನಂಗೆ ಎಣಿಸೋಕೆ ಬರುತ್ತೆ!"

"ಎಣಿಸೋಕೆ ಬಂದ್ರೆ ಅದೇ ಕೆಲಸ ಮಾಡು, ಶೂ ಯಾಕೆ ಹೊಲೀತೀಯ?" ಎಂದು ವೆಹಿಪ್ ನನ್ನ ಕಡೆ ನೋಡಿ ಕಣ್ಣು ಹೊಡೆದ.

ನಾನು ನಗಲಿಲ್ಲ. ಯಾಕೋ ಅವತ್ತು ನಗು ಬರಲಿಲ್ಲ. ವ್ಯೋಲ್ಸಾ ವ್ಯಾನಿನಿಂದ ಧುಮುಕಿದಳು. ಊಟದ ಡಬ್ಬಿಯಿಂದ ವ್ಯಾನಿನ ಪಕ್ಕೆಗೆ ಹೊಡೆದಳು. ಒಂದಲ್ಲ, ಐದಾರು ಏಟು. ತಗಡು ತಗ್ಗಾಯಿತು, ಡಬ್ಬಿಯೂ ತಗ್ಗಾಯಿತು, ಒಳಗಿನ ಹುರುಳಿಕಾಯಿ ಹಿಮದ ಮೇಲೆ ಚೆಲ್ಲಿತು. "ನನ್ನ ಅರ್ಧ ದಿನ! ನನ್ನ ಅರ್ಧ ದಿನ! ಯಾರಪ್ಪನ ಮನೆ ಗಂಟು ಅದು?" ಎಂದು ಪ್ರತಿ ಏಟಿಗೂ ಕೂಗಿದಳು. ಆಮೇಲೆ ಖಾಲಿ ಡಬ್ಬಿ ಹಿಡಿದುಕೊಂಡು ಇಳಿಜಾರಿನಲ್ಲಿ ಜಾರುತ್ತ, ಏಳುತ್ತ ತೂಕದ ಕಟ್ಟೆಯ ಕಡೆ ಓಡಿದಳು.

ಮುಂದಿನದನ್ನು ವ್ಯೋಲ್ಸಾ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಏದುಸಿರು ಬಿಡುತ್ತ ವ್ಯಾನು ಹತ್ತಿ, "ಹೊರಡು ಅಕ್ಕಾ!" ಅಂದಳಂತೆ.

"ಇನ್ನೂ ಎರಡು ನಿಮಿಷ ಇದೆ."

"ನಾನೊಬ್ಬಳೇ ಇರೋದು, ಇನ್ಯಾರಿಗೆ ಕಾಯ್ತೀಯಾ?"

"ಯಾರಿಗೂ ಇಲ್ಲ. ಐದೂಮುಕ್ಕಾಲಿಗೆ ಬರೋರು ಬಂದ್ರೆ ನಾನಿಲ್ಲಿ ಇರ್ಬೇಕು, ಅಷ್ಟೆ. ಕೂತ್ಕೊ."

ವ್ಯೋಲ್ಸಾ ಅವಳನ್ನೂ ಬೈದಳಂತೆ. ಜಾರದ ಹಾಗೆ ಚಕ್ರಕ್ಕೆ ಸರಪಳಿ ಕಟ್ಟಿದ್ದ ವ್ಯಾನು ಹಿಮದಲ್ಲಿ ಮೆಲ್ಲಗೆ ಇಳಿದು, ಏಳಕ್ಕೆ ಎಂಟು ನಿಮಿಷವಿರುವಾಗ ಕಾರ್ಖಾನೆಯ ಗೇಟಿನ ಮುಂದೆ ನಿಂತಿತು. ಸೋಮವಾರ ನಾಲ್ವರು ಬಂದರು. ತಿಂಗಳ ಕೊನೆಗೆ ಎಂಟೂ ಜನ.

ಅಲ್ಲಿಂದ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. ಏಪ್ರಿಲಿನಲ್ಲಿ ವ್ಯಾನಿನ ಕ್ಲಚ್ ಹೋಯಿತು. ವೆಹಿಪ್ ಕಾದಿದ್ದ ದಿನ ಅದೇ. ಮರುದಿನ ಬೆಳಿಗ್ಗೆ ಹೆಂಗಸರು ತನ್ನ ಸ್ಟ್ಯಾಂಡಿಗೆ ಬರುತ್ತಾರೆ ಎಂದು ಕೈಕಟ್ಟಿಕೊಂಡು ನಿಂತಿದ್ದ. ರೆಸ್ಮಿಯೆ ಹಿಂದಿನ ಸಂಜೆಯೇ ಮೇಲಿನ ಹಳ್ಳಿಗೆ ನಡೆದು ಹೋಗಿ ಹಾಲು ಸಾಗಿಸುವವನ ಗಾಡಿ ಕೇಳಿ ತಂದಿದ್ದಳು. ಎಂಟು ಹೆಂಗಸರು ಹಾಲಿನ ಕ್ಯಾನುಗಳ ನಡುವೆ ಕಂಬಳಿ ಹೊದ್ದು ಕೂತರು. ಗಾಡಿ ಐದೂಮುಕ್ಕಾಲಿಗೆ ಸ್ಟ್ಯಾಂಡಿನ ಮುಂದಿನಿಂದಲೇ ಹೋಯಿತು. ವ್ಯೋಲ್ಸಾ ಕ್ಯಾನಿನ ಮುಚ್ಚಳ ಬಡಿಯುತ್ತ, "ವೆಹಿಪಣ್ಣ, ಇನ್ನೊಂದೇ ಸೀಟು!" ಎಂದು ಕೂಗಿದಳು. ನಾಲ್ಕು ದಿನ ಹಾಗೆಯೇ ಹೋದರು, ಹಾಲಿನ ವಾಸನೆ ಹೊಡೆಯುತ್ತ.

ಆ ನಾಲ್ಕು ದಿನ ವ್ಯಾನಿನ ಕೆಳಗೆ ಮಲಗಿದ್ದವನು ಇಸ್ಮೆತ್. ಅಷ್ಟು ದಿನ ವ್ಯಾನು ಮಾರು ಎಂದೇ ಹೇಳಿಕೊಂಡು ಬಂದವನು. ಭಾರ ಎತ್ತಲು ಒಬ್ಬ ಮೆಕ್ಯಾನಿಕ್ ಇದ್ದ. ಬಿಚ್ಚುವುದು, ಕೂರಿಸುವುದು, ತಿರುಪು ಬಿಗಿಯುವುದು ಇಸ್ಮೆತ್‌ನದು. "ಬೆನ್ನು ಕೆಳಗೆ ಹಾಕಿ ಮಾಡೋ ಕೆಲಸ ಇದೊಂದೇ ಕಣೇ" ಎಂದನಂತೆ. ಅವಳು, "ಇಷ್ಟು ದಿನ ಹೊಳೀಲಿಲ್ವಾ?" ಎಂದು ಅವನನ್ನೂ ಬೈದಳು.

ಇಷ್ಟೆಲ್ಲ ಆಗುವಾಗ ನನ್ನ ಅಂಗಡಿಯ ಮುಂದೆ ಜನ ಕಡಿಮೆಯಾದರು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ತಟ್ಟೆ ಹೊತ್ತುಕೊಂಡು ತೂಕದ ಕಟ್ಟೆಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಅಂದರೆ ಸುಳ್ಳಾಗುತ್ತದೆ. ಮಾರಲು ಹೋದೆ. ಹೆಂಗಸರು ಕೊಂಡರು. ರೆಸ್ಮಿಯೆಗೆ ಒಂದು ತುಂಡು ಸುಮ್ಮನೆ ಕೊಡಲು ಹೋದರೆ ಗಾಜು ಏರಿಸಿಕೊಂಡಳು.

"ತಿನ್ನೇ, ನಿಂಗೆ ಅಂತ ತಂದೆ."

"ಹಾರ್ನ್ ಹೊಡೀತಿದ್ನಲ್ಲ, ಅವತ್ತು ತಂದಿದ್ರೆ ತಿಂತಿದ್ದೆ. ನಲವತ್ತು ನಿಮಿಷ ಇತ್ತು."

ಅಂಗಡಿಗೆ ವಾಪಸು ಬಂದು ಕೂತೆ. ಅವತ್ತು ಮೂರು ಕಾಫಿ ಮಾಡಿದವಳು ನಾನು. ನಿಧಾನವಾಗಿ ಕುದಿಸಿದವಳು ನಾನು. ಮುಂದಿನ ವಾರ ವೆಹಿಪ್ ಅವಳ ವಿಷಯದಲ್ಲಿ ಏನೋ ಕೊಳಕು ಮಾತಾಡಿ ನನ್ನ ಕಡೆ ಕಣ್ಣು ಹೊಡೆದಾಗ, "ಇನ್ಮೇಲೆ ನಿನ್ನ ಕಾಫಿ ಮನೇಲೇ ಕುಡ್ಕೊಂಡು ಬಾ" ಎಂದೆ. ಅವನು ತಮಾಷೆ ಅಂದುಕೊಂಡ. ಎದುರಿಗಿದ್ದ ಕಪ್ಪನ್ನು ಎತ್ತಿ ಚರಂಡಿಗೆ ಸುರಿದೆ. ಆಮೇಲೆ ಎರಡು ತಿಂಗಳು ಡ್ರೈವರುಗಳು ನನ್ನ ಅಂಗಡಿ ತುಳಿಯಲಿಲ್ಲ. ಬರಲಿಲ್ಲವೆಂದು ನಾನು ಸಾಯಲೂ ಇಲ್ಲ. ಇದನ್ನು ಜನವರಿಯಲ್ಲೇ ಮಾಡಬಹುದಿತ್ತು ಎನ್ನುವುದಕ್ಕೆ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ಪರವಾನಗಿ ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಅರವತ್ತೊಂದು ಚೀಟಿಗಳಾಗಿದ್ದವು, ಎಲ್ಲವನ್ನೂ ರಬ್ಬರ್ ಬ್ಯಾಂಡ್ ಹಾಕಿ ವ್ಯಾನಿನಲ್ಲೇ ಇಟ್ಟುಕೊಂಡಿದ್ದಳು. ಫೆರಿದ್ ನಗುನಗುತ್ತ ಕಾಗದ ಕೊಟ್ಟ. ಅವಳು ಓದಿದಳು. ಹೆಸರಿನ ಜಾಗದಲ್ಲಿ ಇಸ್ಮೆತ್ ಎಂದಿತ್ತು.

"ಇದು ನಂದಲ್ಲ."

"ಗಂಡನದ್ದು ಅಂದ್ರೆ ನಿಂದೇ ಅಲ್ವೇನಮ್ಮ?"

"ಹಾಗಾದ್ರೆ ಅವನ ಬೆನ್ನುನೋವೂ ನಂಗೇ ಬರ್ಬೇಕಿತ್ತು. ಅರ್ಜಿ ಹಾಕಿದ್ದು ಯಾರು? ಪ್ರತಿ ಗುರುವಾರ ಈ ಬೆಂಚಿನ ಮೇಲೆ ಕೂತಿದ್ದು ಯಾರು? ಬರೀರಿ, ರೆಸ್ಮಿಯೆ. ಕಾಗುಣಿತ ಬೇಕಾದ್ರೆ ಹೇಳ್ತೀನಿ."

"ಮತ್ತೆ ಮೊದಲಿಂದ ಆಗ್ಬೇಕಾಗುತ್ತೆ. ಎರಡು ತಿಂಗಳು."

"ಚೀಟಿ ಕೊಡಿ ಹಾಗಾದ್ರೆ."

ಅವಳು ಆ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಬಂದಳು ಎಂದು ಕೇಳಿ ಇಸ್ಮೆತ್ ತಲೆ ಚಚ್ಚಿಕೊಂಡ. ಊರೆಲ್ಲ ಅವಳಿಗೆ ಹುಚ್ಚು ಅಂದಿತು. ಇನ್ನೂ ಒಂಬತ್ತು ಗುರುವಾರ ಹೋಗಿ ಕೂತಳು. ಹತ್ತನೆಯ ಗುರುವಾರ ಅವಳ ಹೆಸರಿನಲ್ಲಿ ಬಂತು. ಮನೆಗೆ ಬಂದು ಅದನ್ನು ಗೋಡೆಗೆ ತೂಗುಹಾಕಲಿಲ್ಲ, ಯಾರಿಗೂ ಸಿಹಿ ಹಂಚಲಿಲ್ಲ. "ಒಂದು ದಿನದ ಕೆಲಸಕ್ಕೆ ಹದಿನಾರು ತಿಂಗಳು ತಿಂದ್ರು" ಎಂದು ಬೈಯುತ್ತಲೇ ಇದ್ದಳು.

ಈಗ ಅವಳದು ಮೂರು ವ್ಯಾನು. ಒಂದನ್ನು ವ್ಯೋಲ್ಸಾ ಓಡಿಸುತ್ತಾಳೆ. ಶೂ ಹೊಲಿಯುವುದು ಬಿಟ್ಟು ಲೈಸೆನ್ಸ್ ತೆಗೆದುಕೊಂಡಳು. ವೆಹಿಪ್‌ನ ಒಂದು ವ್ಯಾನು ಮಾರಿಹೋಯಿತು. ಉಳಿದದ್ದರ ಗಾಜಿಗೆ ಅವನೂ ಒಂದು ಕಾಗದ ಅಂಟಿಸಿದ್ದಾನೆ, ಆರು ಗಂಟೆ ಎಂದು. ಆರೂಕಾಲಿಗೆ ಹೊರಡುತ್ತಾನೆ. ಅದನ್ನು ಕಂಡಾಗ ರೆಸ್ಮಿಯೆಗೆ ಸಂತೋಷವಾಗಬಹುದೆಂದು ನಾನು ಅಂದುಕೊಂಡಿದ್ದೆ. "ಬರೆಯೋಕೆ ಬಂತು, ಹೊರಡೋಕೆ ಬರಲಿಲ್ಲ" ಎಂದು ಉಗಿದಳು.

ಕಳೆದ ವರ್ಷ ಪುರಸಭೆಯವರು ತೂಕದ ಕಟ್ಟೆಯ ಜಾಗಕ್ಕೆ ಡಾಂಬರು ಹಾಕಿಸಿ, ತಗಡಿನ ಸೂರು ಕಟ್ಟಿಸಿ, ಹೊಸ ಸ್ಟ್ಯಾಂಡ್ ಎಂದು ಉದ್ಘಾಟನೆ ಇಟ್ಟುಕೊಂಡರು. ಹನ್ನೆರಡೂವರೆಗೆ ಶುರುವಾಗಬೇಕಾದದ್ದು ಹನ್ನೆರಡೂ ಐವತ್ತಕ್ಕೆ ಶುರುವಾಯಿತು. ಉಪಾಧ್ಯಕ್ಷರು ಮೈಕಿನ ಮುಂದೆ ನಿಂತು, ಈ ಊರನ್ನು ನಗರಕ್ಕೆ ಜೋಡಿಸಿದ ನಮ್ಮ ಡ್ರೈವರ್ ಸಹೋದರರು ಎಂದು ಶುರುಮಾಡಿದರು. ವೆಹಿಪ್ ಮುಂದಿನ ಸಾಲಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದ. ರೆಸ್ಮಿಯೆಯ ಕೈಗೆ ಒಂದು ಹೂಗುಚ್ಛ ಕೊಟ್ಟು, ಮಾತು ಮುಗಿದ ಮೇಲೆ ಉಪಾಧ್ಯಕ್ಷರಿಗೆ ಕೊಡಬೇಕು ಎಂದು ನಿಲ್ಲಿಸಿದ್ದರು.

ಒಂದು ಗಂಟೆಗೆ ಎರಡು ನಿಮಿಷವಿತ್ತು. ಅವಳು ಹೂಗುಚ್ಛವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ವ್ಯಾನಿನ ಕಡೆ ನಡೆದಳು. ಇಂಜಿನ್ ಶುರುವಾಯಿತು. ಕೂತಿದ್ದವರಲ್ಲಿ ಎಲ್ಬಸಾನಿಗೆ ಹೋಗಬೇಕಾದ ಏಳು ಜನ, ಕುರ್ಚಿಗಳನ್ನು ಕರಕರ ಎಳೆಯುತ್ತ ಎದ್ದು ಓಡಿದರು. ಅವರಲ್ಲಿ ನಾನೂ ಇದ್ದೆ. ಒಲೆಗೆ ಹೊಸ ತಟ್ಟೆಗಳನ್ನು ತರಬೇಕಿತ್ತು. ಉಪಾಧ್ಯಕ್ಷರು ಸಹೋದರರು ಎನ್ನುವ ಮಾತಿನ ನಡುವೆ ನಿಂತುಬಿಟ್ಟರು. ವ್ಯಾನು ಹೊಸ ಡಾಂಬರಿನ ಮೇಲೆ ಅವರ ಮುಂದಿನಿಂದಲೇ ಹಾದುಹೋಯಿತು.

ಮುಂದಿನ ಸೀಟು ಖಾಲಿ ಇತ್ತು, ಹಾವಾ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ನಾನು ಅಲ್ಲಿ ಕೂತೆ. ಅವಳು ಒಂದೊಂದೇ ತಿರುವು ದಾಟಿಸಿದಳು.

"ಮೈಕ್ ಮುಂದೆ ಅವನ ಮುಖ ನೋಡಿದ್ಯಾ?" ಎಂದೆ.

"ಯಾರ ಮುಖ? ನಾನು ರಸ್ತೆ ನೋಡ್ತಿದ್ದೆ." ಗೇರ್ ಬದಲಿಸಿ ತಾನಾಗಿಯೇ ಅಂದಳು, "ಸಹೋದರರಂತೆ. ಸಹೋದರರು! ಆ ಕೆಸರಲ್ಲಿ ನಿಂತಿದ್ದು ಯಾವ ಸಹೋದರ?"

"ಇನ್ನೂ ಎಷ್ಟು ಸಿಟ್ಟೇ ನಿಂಗೆ? ಎಲ್ಲಾ ಆಯ್ತಲ್ಲ."

"ಆಯ್ತು. ಆಗ್ಬೇಕಾದ್ದು ಆಯ್ತು. ನಂಗೆ ಮಾಡಿದ್ದು ಆಗ್ಲಿಲ್ಲ ಅಂತ ಆಗುತ್ತಾ?" ಎದುರಿನಿಂದ ಬಂದ ಲಾರಿಗೆ ಜಾಗ ಬಿಟ್ಟು, ಮತ್ತೆ ರಸ್ತೆಗೆ ಎಳೆದುಕೊಂಡಳು. "ನಿಂದೂ ಮರೆತಿಲ್ಲ ಜುಹ್ರಾ."

"ಗೊತ್ತು."

"ಗೊತ್ತಿದ್ರೆ ಸರಿ. ಬೆಲ್ಟ್ ಹಾಕ್ಕೊ."

ಹಾಕಿಕೊಂಡೆ. ಎಲ್ಬಸಾನಿನ ಸೇತುವೆಯ ಹತ್ತಿರ ಇಳಿಸಿ, ಟಿಕೆಟ್ಟಿನ ಹಣ ತೆಗೆದುಕೊಂಡು, ಚಿಲ್ಲರೆ ಕೊಟ್ಟು, ಪಾತ್ರೆ ಅಂಗಡಿ ಎಡಕ್ಕೆ ಎಂದು ತೋರಿಸಿದಳು. ಹೋಗುವ ಮೊದಲು ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಂಗಡಿಯವನು ಹಳೆಯ ತಟ್ಟೆಗಳನ್ನೇ ಹೊಸದೆಂದು ದಾಟಿಸುತ್ತಾನೆ, ತಿರುಗಿಸಿ ತಳ ನೋಡಿ ತಗೋ ಎಂದು ಕೂಗಿದಳು. ಆ ಕೂಗಿನಲ್ಲೂ ಸಿಟ್ಟೇ ಇತ್ತು. ನಾನು ತಳ ನೋಡಿಯೇ ಕೊಂಡೆ.